ಕ್ರಮವಿಧಿಯೊಳಗೊಬ್ಬ ದುಭಾಷಿ

ಬ್ರೆಜಿಲ್ ದೇಶದ ಪೆಟ್ರೋಬ್ರಾಸ್ ಸಂಸ್ಥೆಯು ಖನಿಜತೈಲವನ್ನು ಶೋಧಿಸಿ ಹೊರತೆಗೆಯುವ ಕಾರ್ಯದಲ್ಲಿ ಹೆಸರಾದುದು. 1990ರ ದಶಕದ ಆರಂಭದಲ್ಲಿ ಅಲ್ಲಿನ ಎಂಜಿನಿಯರುಗಳಿಗೆ ಒಂದು ನಿತ್ಯದ ತೊಡಕು ಅಂಟಿಕೊಂಡಿತ್ತು. ಕಂಪ್ಯೂಟರಿನ ಮೇಲೆ ತಮ್ಮ ಲೆಕ್ಕಾಚಾರಗಳನ್ನು ನಡೆಸಬೇಕಾದರೆ ಅವರು ದಿನಕ್ಕೆ ಹಲವು ಬಾರಿ ಅಂಕಿಗಳ ಉದ್ದುದ್ದ ಪಟ್ಟಿಗಳನ್ನು ಸಿದ್ಧಪಡಿಸಬೇಕಾಗಿತ್ತು. ಹಳೆಯ ಕಾಲದಲ್ಲಿ ಬರೆದ ಆ ಪ್ರೋಗ್ರಾಮುಗಳು ಗೊತ್ತಾದ ಜಾಗದಲ್ಲಿ ಗೊತ್ತಾದ ಅಂಕಿಯನ್ನಲ್ಲದೆ ಬೇರೇನನ್ನೂ ಒಪ್ಪುತ್ತಿರಲಿಲ್ಲ. ಯಾವ ಅಂಕಿಯ ಅರ್ಥವೇನು ಎಂಬುದರ ಸುಳಿವು ಪಟ್ಟಿಯಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ. ಇಂತಹ ಕೆಲಸದಲ್ಲಿ ಬೇಸರವೂ ಹೆಚ್ಚು, ತಪ್ಪೂ ಹೆಚ್ಚು.

ಈ ತೊಡಕನ್ನು ಬಿಡಿಸುವ ಹೊಣೆಯನ್ನು ರಿಯೊ ಡಿ ಜನೈರೊ ನಗರದ ಪಾಂಟಿಫಿಕಲ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಟೆಕ್‌ಗ್ರಾಫ್ ಎಂಬ ಸಂಶೋಧನಾ ತಂಡವು ವಹಿಸಿಕೊಂಡಿತು. ಅಂಕಿಗಳನ್ನು ತುಂಬಲು ತೆರೆಯ ಮೇಲೆ ಚಿತ್ರರೂಪದ ಅರ್ಜಿಗಳನ್ನು ಅದು ರಚಿಸಿಕೊಟ್ಟಿತು. ಇದೇ ಕಾಲದಲ್ಲಿ ಅದೇ ತಂಡಕ್ಕೆ ಇನ್ನೊಂದು ಕೆಲಸವೂ ಬಂದಿತು. ಕೊರೆದ ಬಾವಿಯಲ್ಲಿ ಎಷ್ಟು ಆಳದಲ್ಲಿ ಯಾವ ಬಗೆಯ ಶಿಲೆ ಇದೆ ಎಂಬುದನ್ನು ಪಟ್ಟಿಪಟ್ಟಿಯಾಗಿ ತೋರಿಸುವ ನಕ್ಷೆಗಳನ್ನು ಕಂಪ್ಯೂಟರು ಮುದ್ರಿಸಬೇಕಾಗಿತ್ತು. ಆದರೆ ಆ ಪಟ್ಟಿಗಳನ್ನು ಎಲ್ಲಿ ಇಡಬೇಕು, ಯಾವ ಬಣ್ಣ ತುಂಬಬೇಕು, ರೇಖೆಯು ಅಳತೆ ಮೀರಿದಾಗ ಏನು ಮಾಡಬೇಕು ಎಂಬುದನ್ನು ಪ್ರೋಗ್ರಾಮು ಬರೆದವರು ಮೊದಲೇ ಗೊತ್ತುಪಡಿಸುವಂತಿರಲಿಲ್ಲ. ಅದನ್ನು ಆಯಾ ಭೂವಿಜ್ಞಾನಿಯೇ ತನ್ನ ಅಗತ್ಯಕ್ಕೆ ತಕ್ಕಂತೆ ನಿರ್ಧರಿಸಬೇಕಾಗಿತ್ತು.

ಕಷ್ಟವಿದ್ದುದು ಇಲ್ಲಿಯೇ. ಅದನ್ನು ತಿಳಿಯಬೇಕಾದರೆ ಪ್ರೋಗ್ರಾಮು, ಅಂದರೆ ಕ್ರಮವಿಧಿ, ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಸ್ವಲ್ಪ ಅರಿಯಬೇಕು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬಾತನು ರೂಪಿಸಿದ ‘ಸಿ’ ಎಂಬ ಭಾಷೆಯು ಇಂದಿಗೂ ಬಲು ಬಳಕೆಯಲ್ಲಿದೆ. ಸಿ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು ಕಂಪೈಲರ್ ಎಂಬ ಸಾಧನವು ಮುಂಚಿತವಾಗಿಯೇ ಇಡಿಯಾಗಿ ಯಂತ್ರದ ಸಂಕೇತಗಳಿಗೆ ಪರಿವರ್ತಿಸಿಬಿಡುತ್ತದೆ. ಆಮೇಲೆ ನಡುವೆ ಯಾರ ನೆರವೂ ಬೇಕಿಲ್ಲ. ಆದುದರಿಂದ ಅದು ಬಹಳ ವೇಗವಾಗಿ ಓಡುತ್ತದೆ. ಆದರೆ ಎರಕ ಹೊಯ್ದ ಕಬ್ಬಿಣದ ಪಾತ್ರೆಯ ಆಕಾರವನ್ನು ಕೈಯಿಂದ ತಿದ್ದಲಾಗದಂತೆ, ಹೀಗೆ ಸಿದ್ಧವಾದ ಕ್ರಮವಿಧಿಯಲ್ಲಿ ಒಂದು ಸಣ್ಣ ನಿಯಮವನ್ನು ಬದಲಿಸಬೇಕಾದರೂ ಮೂಲವನ್ನು ತಿದ್ದಬೇಕು, ಮತ್ತೆ ಪರಿವರ್ತಿಸಬೇಕು, ಬಳಸುವವರೆಲ್ಲರಿಗೂ ಹೊಸದಾಗಿ ಹಂಚಬೇಕು. ಭೂವಿಜ್ಞಾನಿಗೆ ಈ ವಿದ್ಯೆ ತಿಳಿದಿರುವುದಿಲ್ಲ. ತಿಳಿದಿರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ.

ಇನ್ನೊಂದು ಬಗೆಯ ಭಾಷೆಗಳುಂಟು. ಅವುಗಳಲ್ಲಿ ಬರೆದುದನ್ನು ಮೊದಲೇ ಯಂತ್ರದ ಸಂಕೇತಕ್ಕೆ ಇಳಿಸಿಡುವುದಿಲ್ಲ. ಕೆಲಸ ನಡೆಯುವ ಹೊತ್ತಿನಲ್ಲಿಯೇ ಒಂದು ಕ್ರಮವಿಧಿಯು ಬರಹವನ್ನು ಓದಿ, ಅದರ ಅರ್ಥವನ್ನು ಗ್ರಹಿಸಿ, ಹೇಳಿದಂತೆ ನಡೆಸಿಕೊಡುತ್ತದೆ. ಇದನ್ನು ಇಂಟರ್‌ಪ್ರಿಟರ್ ಎನ್ನುತ್ತಾರೆ. ಪರದೇಶದ ವರ್ತಕನಿಗೂ ಊರವರಿಗೂ ನಡುವೆ ನಿಂತು ಮಾತನ್ನು ಆಗಿಂದಾಗಲೇ ತಿಳಿಸಿಕೊಡುತ್ತಿದ್ದ ದುಭಾಷಿಯ ಕೆಲಸವೇ ಇದರದು. ಬರಹವನ್ನು ತಿದ್ದಿದರೆ ಸಾಕು. ಮರುಗಳಿಗೆಯಲ್ಲಿ ದುಭಾಷಿ ಹೊಸ ಮಾತನ್ನೇ ನಡೆಸುತ್ತದೆ. ಆದರೆ ಪ್ರತಿಯೊಂದು ಮಾತನ್ನೂ ಅರ್ಥೈಸುತ್ತ ಸಾಗಬೇಕಾದುದರಿಂದ ವೇಗ ಕಡಿಮೆ.

ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಡಬೇಕೆಂಬ ನಿಯಮವೇನೂ ಇಲ್ಲ. ದುಭಾಷಿಯೂ ಒಂದು ಕ್ರಮವಿಧಿಯೇ ಆಗಿರುವುದರಿಂದ ಅದನ್ನು ಮತ್ತೊಂದು ಕ್ರಮವಿಧಿಯ ಒಡಲಲ್ಲಿ ಸೇರಿಸಿಬಿಡಬಹುದು. ಹೊರಗಿನ ಗಟ್ಟಿಯಾದ ಭಾಗವು ಸಿ ಭಾಷೆಯಲ್ಲಿರುತ್ತದೆ. ಭಾರಿ ಲೆಕ್ಕಗಳನ್ನೂ ಚಿತ್ರ ಬಿಡಿಸುವ ಕೆಲಸವನ್ನೂ ಅದು ಮಾಡುತ್ತದೆ. ಆಗಾಗ ಬದಲಾಗುವ ನಿಯಮಗಳನ್ನು ಮಾತ್ರ ಬಳಸುವವರೇ ಒಂದು ಸರಳ ಭಾಷೆಯಲ್ಲಿ ಬರೆದಿಡುತ್ತಾರೆ. ಒಳಗಿನ ದುಭಾಷಿ ಅವುಗಳನ್ನು ಓದಿ ನಡೆಸುತ್ತದೆ. ಇಂತಹ ಸರಳ ಭಾಷೆಗೆ ಸ್ಕ್ರಿಪ್ಟ್ ಭಾಷೆಯೆಂದು ಹೆಸರು.

ಟೆಕ್‌ಗ್ರಾಫ್ ತಂಡವು ಮೊದಲು ಎರಡು ಪುಟ್ಟ ಭಾಷೆಗಳನ್ನು ಬೇರೆಬೇರೆಯಾಗಿ ರಚಿಸಿತು. ಅರ್ಜಿಗಳಿಗೆ ‘ಡೆಲ್’, ಶಿಲಾನಕ್ಷೆಗಳಿಗೆ ‘ಸೋಲ್’. ಬಳಸಿದವರು ಸುಮ್ಮನಿರಲಿಲ್ಲ. ‘ಹೀಗಿದ್ದರೆ ಹೀಗೆ, ಇಲ್ಲವಾದರೆ ಹಾಗೆ’ ಎಂದು ಹೇಳುವ ಸೌಕರ್ಯ ಬೇಕೆಂದರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೌಕರ್ಯವೂ ಬೇಕಾಯಿತು. ಎರಡು ಅರೆಭಾಷೆಗಳನ್ನು ಸಾಕುವುದಕ್ಕಿಂತ ಪೂರ್ಣಾಂಗವಾದ ಒಂದೇ ಭಾಷೆಯನ್ನು ಕಟ್ಟುವುದು ಮೇಲೆಂದು 1993ರಲ್ಲಿ ಮೂವರು ನಿಶ್ಚಯಿಸಿದರು. ರೊಬೆರ್ಟೊ ಇಯೆರುಸಲಿಮ್‌ಸ್ಕಿ, ಲೂಯಿಸ್ ಎನ್ರಿಕೆ ದೆ ಫಿಗೆರೇದೊ, ವಾಲ್ಡೆಮಾರ್ ಸೆಲೆಸ್ ಎಂಬವರೇ ಆ ಮೂವರು. ಪೋರ್ಚುಗೀಸ್ ಭಾಷೆಯಲ್ಲಿ ‘ಸೋಲ್’ ಎಂದರೆ ಸೂರ್ಯ. ಹೊಸ ಭಾಷೆಗೆ ‘ಲುವಾ’, ಅಂದರೆ ಚಂದ್ರ, ಎಂದು ಗೆಳೆಯನೊಬ್ಬನು ಹೆಸರು ಸೂಚಿಸಿದನು. ಅದೇ ನಿಂತಿತು.

ಹೊರದೇಶದಿಂದ ಸಿದ್ಧವಾದ ಭಾಷೆಯೊಂದನ್ನು ಅವರೇಕೆ ತರಿಸಲಿಲ್ಲ? ಅದಕ್ಕೆ ಆ ದೇಶದ ಪರಿಸ್ಥಿತಿಯೂ ಒಂದು ಕಾರಣ. ತನ್ನ ಕಂಪ್ಯೂಟರುಗಳನ್ನೂ ಕ್ರಮವಿಧಿಗಳನ್ನೂ ತಾನೇ ತಯಾರಿಸಿಕೊಳ್ಳಬೇಕೆಂಬ ಸ್ವಾವಲಂಬನೆಯ ಧೋರಣೆಯಿಂದ ಬ್ರೆಜಿಲ್ ಸರಕಾರವು 1977ರಿಂದ 1992ರವರೆಗೆ ಅವುಗಳ ಆಮದಿಗೆ ಬಿಗಿಯಾದ ತಡೆಗಳನ್ನು ಹಾಕಿತ್ತು. ಇಂತಹ ತಡೆಗಳಿಂದ ದೇಶಕ್ಕೆ ಆದ ಲಾಭವೆಷ್ಟು, ನಷ್ಟವೆಷ್ಟು ಎಂಬುದು ವಾದಕ್ಕೆ ಎಡೆಯುಳ್ಳ ಮಾತು. ಆದರೆ ಕೈಗೆ ಸಿಕ್ಕದ ಉಪಕರಣವನ್ನು ತಾವೇ ಮಾಡಿಕೊಳ್ಳುವ ಅಭ್ಯಾಸವು ಆ ತಂಡಕ್ಕೆ ಬಂದುದು ಆ ವರ್ಷಗಳಲ್ಲಿಯೇ. ಇನ್ನೊಂದು ಕಾರಣವೂ ಉಂಟು. ಬೇರೊಂದು ಕ್ರಮವಿಧಿಯೊಳಗೆ ಸೇರಿಸಲೆಂದೇ ಹುಟ್ಟಿದ ‘ಟಿಕ್ಲ್’ ಎಂಬ ಭಾಷೆಯು ಆಗ ಅಮೆರಿಕದಲ್ಲಿತ್ತು. ಆದರೆ ಆ ದಿನಗಳಲ್ಲಿ ಅದು ಯುನಿಕ್ಸ್ ಯಂತ್ರಗಳ ಮೇಲೆ ಮಾತ್ರ ಓಡುತ್ತಿತ್ತು. ಅದರ ವಾಕ್ಯರಚನೆಯೂ ಎಂಜಿನಿಯರುಗಳ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಪೆಟ್ರೋಬ್ರಾಸ್‌ನಲ್ಲಾದರೋ ಸಾಮಾನ್ಯ ಮೇಜುಗಣಕಗಳೂ ಇದ್ದುವು. ಎಲ್ಲ ಯಂತ್ರಗಳಲ್ಲಿಯೂ ದೊರೆಯುವ ಕಂಪೈಲರಿಗೆ ಒಪ್ಪುವಂತೆ ಲುವಾ ದುಭಾಷಿಯನ್ನು ಅಚ್ಚ ಸಿ ಭಾಷೆಯಲ್ಲಿಯೇ ಬರೆದುದು ಇದರಿಂದಲೇ.

ಸಿ ಕ್ರಮವಿಧಿಯೂ ಲುವಾ ದುಭಾಷಿಯೂ ಒಂದೇ ಮನೆಯಲ್ಲಿ ಬಾಳುವ ಬಗೆಯು ಸ್ವಾರಸ್ಯಕರವಾಗಿದೆ. ಬಸ್ಸಿನ ನಿರ್ವಾಹಕನ ಕೈಯಲ್ಲಿರುವ ಟಿಕೆಟು ಯಂತ್ರವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಗುಂಡಿ ಒತ್ತಿದುದನ್ನು ಗುರುತಿಸುವುದು, ಚೀಟಿಯನ್ನು ಮುದ್ರಿಸುವುದು, ಹಣದ ಮೊತ್ತವನ್ನು ಕೂಡಿಡುವುದು ಸಿ ಭಾಗದ ಕೆಲಸ. ಪ್ರಯಾಣದರವನ್ನು ನಿಶ್ಚಯಿಸುವ ನಿಯಮ ಮಾತ್ರ ಲುವಾ ಭಾಷೆಯ ಒಂದು ಕಡತದಲ್ಲಿದೆ. ‘ದರ’ ಎಂಬ ಹೆಸರಿನ ಆ ನಿಯಮವು ದೂರವನ್ನೂ ಪ್ರಯಾಣಿಕನ ವಯಸ್ಸನ್ನೂ ಕೇಳುತ್ತದೆ. ವಯಸ್ಸು 12ಕ್ಕಿಂತ ಕಡಿಮೆಯಿದ್ದರೆ ಅರ್ಧ ಹಣವನ್ನೂ ಇಲ್ಲವಾದರೆ ಪೂರ್ಣ ಹಣವನ್ನೂ ಹೇಳುತ್ತದೆ. ನಾಳೆ ವೃದ್ಧರಿಗೂ ರಿಯಾಯಿತಿ ಬಂದರೆ ಕಡತದಲ್ಲಿ ಒಂದು ಸಾಲು ಸೇರಿಸಿದರಾಯಿತು; ಯಂತ್ರದ ಸಿ ಭಾಗವನ್ನು ಮುಟ್ಟಬೇಕಾಗಿಲ್ಲ.

ಯಂತ್ರವು ಚಾಲೂ ಆದೊಡನೆ ಸಿ ಭಾಗವು ಮೊದಲು ಒಂದು ದುಭಾಷಿಯನ್ನು ಹುಟ್ಟಿಸಿ ಅದಕ್ಕೆ ಬೇಕಾದ ಸ್ಮೃತಿಯನ್ನು ಒದಗಿಸುತ್ತದೆ. ಆ ಬಳಿಕ ನಿಯಮದ ಕಡತವನ್ನು ಓದಲು ಹೇಳುತ್ತದೆ. ದುಭಾಷಿ ಅದನ್ನು ಓದಿ ತನ್ನ ಒಳಸಂಕೇತಗಳಿಗೆ ಇಳಿಸಿಕೊಂಡು ಸಿದ್ಧವಾಗುತ್ತದೆ. ಇನ್ನು ಮುಂದೆ ಇಬ್ಬರೂ ಮಾತನಾಡಬೇಕು. ಇವರಿಗೆ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಸಿ ಭಾಷೆಯಲ್ಲಿ ಪ್ರತಿಯೊಂದು ಬೆಲೆಗೂ ಇದು ಅಂಕಿ, ಇದು ಅಕ್ಷರ ಎಂದು ಮೊದಲೇ ಜಾತಿಯನ್ನು ಗೊತ್ತುಮಾಡಿರಬೇಕು. ಲುವಾ ಭಾಷೆಯಲ್ಲಿ ಒಂದೇ ಹೆಸರು ಈಗ ಅಂಕಿಯನ್ನು ಹೊತ್ತು ಮರುಕ್ಷಣ ಒಂದು ಪದವನ್ನು ಹೊರಬಲ್ಲುದು. ಸಿ ಭಾಷೆಯಲ್ಲಿ ಪಡೆದ ಸ್ಮೃತಿಯನ್ನು ಬರೆದವನೇ ಹಿಂದಿರುಗಿಸಬೇಕು. ಲುವಾದಲ್ಲಾದರೋ ಯಾರಿಗೂ ಬೇಡವಾದ ವಸ್ತುಗಳನ್ನು ದುಭಾಷಿಯೇ ಆಗಾಗ ಗುಡಿಸಿ ತೆಗೆದು ಜಾಗವನ್ನು ತೆರವು ಮಾಡುತ್ತದೆ.

ಈ ಇಬ್ಬರ ನಡುವೆ ಲುವಾದ ಕರ್ತೃಗಳು ಒಂದು ಅಟ್ಟಿಯನ್ನು ಇರಿಸಿದರು. ಇದಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಹೋಟೆಲಿನ ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಮಾಣಿ ಒಳಗೆ ಹೋಗುವುದಿಲ್ಲ, ಅಡುಗೆಯವನು ಹೊರಗೆ ಬರುವುದಿಲ್ಲ. ಕೊಡುವುದು ಪಡೆಯುವುದು ಎಲ್ಲವೂ ಕಿಂಡಿಯ ಹಲಗೆಯ ಮೇಲೆಯೇ. ಸ್ಟ್ಯಾಕ್ ಅಂತಹ ಹಲಗೆ. ಟಿಕೆಟಿನ ದರವನ್ನು ತಿಳಿಯಬೇಕಾದಾಗ ಸಿ ಭಾಗವು ಮೊದಲು ‘ದರ’ ಎಂಬ ನಿಯಮವನ್ನು ಅಟ್ಟಿಯ ಮೇಲೆ ತರಿಸಿ ಇಡುತ್ತದೆ. ಅದರ ಮೇಲೆ ದೂರವಾದ 42ನ್ನು ಇಡುತ್ತದೆ. ಅದರ ಮೇಲೆ ವಯಸ್ಸಾದ 10ನ್ನು ಇಡುತ್ತದೆ. ‘ಎರಡು ಬೆಲೆಗಳನ್ನು ಕೊಟ್ಟಿದೆ, ಒಂದು ಉತ್ತರ ಬೇಕು’ ಎಂದು ಕರೆಯುತ್ತದೆ. ದುಭಾಷಿ ಆ ಮೂರನ್ನೂ ತೆಗೆದುಕೊಂಡು ಕೆಲಸ ಮುಗಿಸಿ, ಅವುಗಳಿದ್ದ ಜಾಗದಲ್ಲಿ ಉತ್ತರವೊಂದನ್ನೇ ಇಡುತ್ತದೆ. ಸಿ ಭಾಗವು ಅದನ್ನು ಓದಿಕೊಂಡು ಅಟ್ಟಿಯನ್ನು ಬರಿದು ಮಾಡುತ್ತದೆ.

ಇಷ್ಟು ಸುತ್ತುದಾರಿ ಏತಕ್ಕೆ ಎಂದು ತೋರಬಹುದು. ದುಭಾಷಿಯ ಬಳಿಯಿರುವ ವಸ್ತುವಿನ ವಿಳಾಸವನ್ನೇ ಸಿ ಭಾಗಕ್ಕೆ ಕೊಟ್ಟುಬಿಟ್ಟರೆ ಕೆಲಸ ಸುಲಭವಲ್ಲವೆ? ಆದರೆ ಗುಡಿಸುವವನಿಗೆ ಆ ವಸ್ತು ಇನ್ನೂ ಬೇಕಾಗಿದೆಯೆಂಬುದು ಹೇಗೆ ಗೊತ್ತಾಗಬೇಕು? ಸಿ ಭಾಗವು ತನ್ನ ಕಿಸೆಯಲ್ಲಿ ಯಾವ ವಿಳಾಸವನ್ನು ಬರೆದಿಟ್ಟುಕೊಂಡಿದೆ ಎಂಬುದು ದುಭಾಷಿಗೆ ಕಾಣದು. ಬೇಡದ ವಸ್ತುವೆಂದು ಅದನ್ನು ಗುಡಿಸಿಬಿಟ್ಟರೆ ಸಿ ಭಾಗದ ಕೈಯಲ್ಲಿ ಉಳಿಯುವುದು ಕೆಡವಿದ ಮನೆಯ ವಿಳಾಸ ಮಾತ್ರ. ಅಟ್ಟಿಯಾದರೋ ದುಭಾಷಿಯ ಕಣ್ಣೆದುರಿಗೇ ಇದೆ. ಅದರ ಮೇಲೆ ಇರುವವರೆಗೆ ಯಾವ ವಸ್ತುವನ್ನೂ ಅದು ಗುಡಿಸುವುದಿಲ್ಲ. ಪೈಥಾನ್ ಭಾಷೆಯ ದುಭಾಷಿಯನ್ನೂ ಸಿ ಕ್ರಮವಿಧಿಯಲ್ಲಿ ಸೇರಿಸಬಹುದು. ಅಲ್ಲಿ ವಸ್ತುವಿನ ವಿಳಾಸವನ್ನೇ ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಒಂದೊಂದು ವಸ್ತುವನ್ನೂ ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಲೆಕ್ಕವನ್ನು ಸಿ ಬರೆಯುವವನು ತಪ್ಪದೆ ಇಡಬೇಕು. ಒಂದು ಲೆಕ್ಕ ಹೆಚ್ಚಾದರೆ ಸ್ಮೃತಿ ವ್ಯರ್ಥ. ಒಂದು ಕಡಿಮೆಯಾದರೆ ಇಡೀ ಕ್ರಮವಿಧಿ ಕುಸಿಯಬಹುದು.

ಅಟ್ಟಿಯಿದ್ದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ. ಹೆಸರು ಅಥವಾ ಪದದ ರೂಪದಲ್ಲಿ ಬಂದ ಉತ್ತರವು ಅಟ್ಟಿಯ ಮೇಲೆ ಇರುವವರೆಗೆ ಮಾತ್ರ ಸುರಕ್ಷಿತ. ಅದನ್ನು ನಕಲು ಮಾಡಿಕೊಳ್ಳದೆ ಅಟ್ಟಿಯಿಂದ ತೆಗೆದುಹಾಕಿ ಆಮೇಲೆ ಓದಹೊರಟರೆ, ಒಮ್ಮೆ ಸರಿಯಾದ ಪದವೇ ಕಾಣುತ್ತದೆ, ಇನ್ನೊಮ್ಮೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಇಂತಹ ದೋಷವು ಪರೀಕ್ಷೆಯ ದಿನ ಅಡಗಿದ್ದು ಬಳಕೆಯ ದಿನ ಹೊರಬೀಳುವುದರಿಂದ ಅದನ್ನು ಹುಡುಕುವುದು ಬಹಳ ಕಷ್ಟ. ಅಟ್ಟಿಯ ಎತ್ತರಕ್ಕೂ ಮಿತಿಯುಂಟು. ಕರೆಯೊಂದಕ್ಕೆ 20 ಸ್ಥಾನಗಳು ಖಂಡಿತವಾಗಿ ದೊರೆಯುತ್ತವೆ. ಹೆಚ್ಚು ಬೇಕಾದರೆ ಮುಂಚಿತವಾಗಿ ಕೇಳಿ ಪಡೆಯಬೇಕು. ಕೇಳದೆ ಪೇರಿಸುತ್ತ ಹೋದರೆ ಪಕ್ಕದ ಸ್ಮೃತಿ ಕೆಡುತ್ತದೆ. ವೇಗದ ದೃಷ್ಟಿಯಿಂದ ದುಭಾಷಿ ಇದನ್ನು ಪ್ರತಿಸಲವೂ ಪರೀಕ್ಷಿಸುವುದಿಲ್ಲ.

ನಿಯಮವನ್ನು ಬರೆದವರೇ ತಪ್ಪು ಮಾಡಿದರೆ ಏನಾಗಬೇಕು? ದರದ ಕಡತದಲ್ಲಿ ಅಂಕಿಯಿರಬೇಕಾದೆಡೆ ಏನೂ ಇಲ್ಲದಿದ್ದರೆ ಲೆಕ್ಕ ಅಲ್ಲಿಯೇ ನಿಲ್ಲುತ್ತದೆ. ಅಷ್ಟಕ್ಕೇ ನಿರ್ವಾಹಕನ ಯಂತ್ರವೆಲ್ಲ ಸ್ತಬ್ಧವಾಗುವುದು ಸಲ್ಲದು. ಇದಕ್ಕಾಗಿ ಲುವಾದಲ್ಲಿ ‘ರಕ್ಷಿತ ಕರೆ’ ಎಂಬ ಏರ್ಪಾಡಿದೆ. ಹೀಗೆ ಕರೆದಾಗ ಒಳಗೆ ತಪ್ಪು ಸಂಭವಿಸಿದರೆ ದುಭಾಷಿ ತಾನು ಮಾಡುತ್ತಿದ್ದುದನ್ನು ಬಿಟ್ಟು ಹಿಂದಿರುಗಿ, ಉತ್ತರದ ಬದಲು ತಪ್ಪಿನ ವಿವರವನ್ನು ಅಟ್ಟಿಯ ಮೇಲೆ ಇಡುತ್ತದೆ. ಸಿ ಭಾಗವು ಅದನ್ನು ನಿರ್ವಾಹಕನಿಗೆ ತೋರಿಸಿ ಕೆಲಸವನ್ನು ಮುಂದುವರಿಸಬಹುದು. ರಕ್ಷಣೆಯಿಲ್ಲದೆ ಕರೆದಿದ್ದರೆ ಅತಿಥಿಯ ತಪ್ಪಿಗೆ ಆತಿಥೇಯನೂ ಬಲಿಯಾಗುತ್ತಾನೆ.

ಕರೆಯು ಒಂದೇ ದಿಕ್ಕಿನದಲ್ಲ. ಲುವಾದ ನಿಯಮಕ್ಕೂ ಕೆಲವೊಮ್ಮೆ ಸಿ ಭಾಗದ ನೆರವು ಬೇಕಾಗುತ್ತದೆ. ಚೀಟಿ ಮುದ್ರಿಸುವ ವಿದ್ಯೆ ತಿಳಿದಿರುವುದು ಸಿ ಭಾಗಕ್ಕೆ ತಾನೆ? ಆದುದರಿಂದ ಸಿ ಭಾಗವು ತನ್ನ ಕೆಲವು ಕಾರ್ಯಗಳಿಗೆ ಹೆಸರು ಕೊಟ್ಟು ದುಭಾಷಿಗೆ ತಿಳಿಸಿಡುತ್ತದೆ. ‘ಮುದ್ರಿಸು’ ಎಂದು ನಿಯಮದಲ್ಲಿ ಬರೆದರೆ ದುಭಾಷಿ ಸಿ ಭಾಗದ ಆ ಕಾರ್ಯವನ್ನೇ ಕರೆಯುತ್ತದೆ. ಇಲ್ಲಿಯೂ ಕೊಡುಕೊಳ್ಳುವಿಕೆ ಅಟ್ಟಿಯ ಮೂಲಕವೇ. ಯಾವ ಕಾರ್ಯವನ್ನು ತಿಳಿಸಬೇಕು, ಯಾವುದನ್ನು ಬಚ್ಚಿಡಬೇಕು ಎಂಬ ನಿರ್ಧಾರ ಮಾತ್ರ ಪೂರ್ತಿಯಾಗಿ ಆತಿಥೇಯನದು. ಹಣದ ಮೊತ್ತವನ್ನು ಅಳಿಸುವ ಕಾರ್ಯಕ್ಕೆ ಹೆಸರೇ ಕೊಡದಿದ್ದರೆ ನಿಯಮ ಬರೆಯುವವನು ಎಷ್ಟೇ ಬುದ್ಧಿವಂತನಾದರೂ ಅದನ್ನು ಕರೆಯಲಾರ. ದುಭಾಷಿಯನ್ನು ಒಳಗಿರಿಸಿಕೊಂಡ ಕ್ರಮವಿಧಿಗೆ ಇದಕ್ಕಿಂತ ದೊಡ್ಡ ಕಾವಲಿಲ್ಲ.

ಆ ಕಾವಲಿನಲ್ಲಿ ಒಂದು ಬಿರುಕು ಬಿಟ್ಟರೆ ಆಗುವ ಅನಾಹುತಕ್ಕೆ ರೆಡಿಸ್‌ನ ಪ್ರಸಂಗವು ನಿದರ್ಶನ. ಮಾಹಿತಿಯನ್ನು ಅತಿವೇಗವಾಗಿ ಇಡುವ ಮತ್ತು ತೆಗೆದುಕೊಡುವ ರೆಡಿಸ್ ಎಂಬ ಕ್ರಮವಿಧಿಯನ್ನು ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಎಂಬಾತನು ಸಿ ಭಾಷೆಯಲ್ಲಿ ರಚಿಸಿ 2009ರಲ್ಲಿ ಪ್ರಕಟಿಸಿದನು. 2012ರಲ್ಲಿ ಅದರೊಳಗೆ ಲುವಾ ದುಭಾಷಿಯು ಸೇರಿತು. ಹೊರಗಿನವರ ಬರಹವನ್ನು ಅದು ನಡೆಸಬೇಕಾದುದರಿಂದ ಯಂತ್ರದ ಕಡತಗಳನ್ನೂ ಇತರ ಸಾಧನಗಳನ್ನೂ ಮುಟ್ಟುವ ದಾರಿಗಳನ್ನೆಲ್ಲ ಮುಚ್ಚಿದ್ದರು. ಆದರೆ ಡೆಬಿಯನ್ ಎಂಬ ವ್ಯವಸ್ಥೆಗಾಗಿ ಅದನ್ನು ಹೊಂದಿಸಿ ಕಟ್ಟಿದಾಗ ಒಂದು ಹೆಸರು ಅಕಸ್ಮಾತ್ತಾಗಿ ತೆರೆದೇ ಉಳಿಯಿತು. ಆ ಒಂದೇ ಹೆಸರನ್ನು ಹಿಡಿದು ಹೊರಗಿನವನು ತನಗೆ ಬೇಕಾದ ಸಾಧನವನ್ನು ಒಳಕ್ಕೆ ಎಳೆದುಕೊಂಡು ಯಂತ್ರದ ಮೇಲೆ ಇಷ್ಟಬಂದ ಆಜ್ಞೆಯನ್ನು ನಡೆಸಬಹುದಾಗಿತ್ತು. 2022ರಲ್ಲಿ ಇದು ಬೆಳಕಿಗೆ ಬಂದಾಗ ದೋಷಗಳ ತೀವ್ರತೆಯನ್ನು ಅಳೆಯುವ ಹತ್ತರ ಮಾಪನದಲ್ಲಿ ಇದಕ್ಕೆ 10 ಅಂಕ ದೊರೆಯಿತು. ಮರೆತದ್ದು ಒಂದು ಹೆಸರನ್ನು ಅಳಿಸುವುದನ್ನು, ಅಷ್ಟೆ.

ದುರುದ್ದೇಶವಿಲ್ಲದ ಬರಹವೂ ತೊಂದರೆ ಕೊಡಬಲ್ಲುದು. ಕೊನೆಯೇ ಇಲ್ಲದ ಆವರ್ತನವನ್ನು ಯಾರಾದರೂ ಬರೆದರೆ ದುಭಾಷಿ ಅದರಲ್ಲಿಯೇ ಸುತ್ತುತ್ತಿರುತ್ತದೆ. ಇದನ್ನು ತಡೆಯಲು, ಇಂತಿಷ್ಟು ಆಜ್ಞೆಗಳಾದೊಡನೆ ತನ್ನನ್ನು ಎಚ್ಚರಿಸಬೇಕೆಂದು ಆತಿಥೇಯನು ಮೊದಲೇ ಹೇಳಿಡಬಹುದು. ಸ್ಮೃತಿಯನ್ನು ಅಳೆದು ಕೊಡುವ ಕೆಲಸವನ್ನೂ ತನ್ನ ಕೈಯಲ್ಲಿಯೇ ಇಟ್ಟುಕೊಳ್ಳಬಹುದು.

ಬ್ರೆಜಿಲ್‌ನ ತೈಲದ ಬಾವಿಗಳಿಗಾಗಿ ಹುಟ್ಟಿದ ಭಾಷೆಯು ಹೊರಜಗತ್ತಿಗೆ ಪರಿಚಯವಾದುದು ಆಟದ ಮೂಲಕ ಎಂಬುದು ಸೋಜಿಗ. 1996ರ ಡಿಸೆಂಬರಿನಲ್ಲಿ ಅಮೆರಿಕದ ಡಾಕ್ಟರ್ ಡಾಬ್ಸ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಲುವಾ ಕುರಿತು ಲೇಖನವೊಂದು ಪ್ರಕಟವಾಯಿತು. ಅದನ್ನು ಓದಿದ ಲ್ಯೂಕಸ್‌ಆರ್ಟ್ಸ್ ಕಂಪನಿಯವರೊಬ್ಬರು ತಮ್ಮ ಹೊಸ ಆಟದಲ್ಲಿ ಲುವಾವನ್ನು ಬಳಸಿದರು. ‘ಗ್ರಿಮ್ ಫ್ಯಾಂಡಾಂಗೊ’ ಎಂಬ ಆ ಆಟವು 1998ರಲ್ಲಿ ಹೊರಬಂದಿತು. ಆಟದ ಚಿತ್ರಗಳನ್ನು ಬಿಡಿಸುವ ಯಂತ್ರಭಾಗ ಒಂದಾದರೆ, ಪಾತ್ರಗಳು ಯಾವಾಗ ಏನು ಮಾಡಬೇಕೆಂಬ ಕಥಾಭಾಗ ಇನ್ನೊಂದು; ಕಥೆಯನ್ನು ಕಟ್ಟುವವರಿಗೆ ಸಿ ಭಾಷೆಯ ಹಂಗು ತಪ್ಪಿತು. ಆಮೇಲೆ ಆಟಗಳನ್ನು ರಚಿಸುವವರಲ್ಲಿ ಲುವಾ ಮನೆಮಾತಾಯಿತು. ದುಭಾಷಿಯ ಗಾತ್ರ ಪುಟ್ಟದಾಗಿರುವುದೂ ಇದಕ್ಕೆ ನೆರವಾಯಿತು. ಅದರ ಮೂಲದಲ್ಲಿರುವುದು ಸುಮಾರು 30,000 ಸಾಲುಗಳು ಮಾತ್ರ. 2000ದಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಮುಂದಕ್ಕೆ ಒಂದೇ ಕ್ರಮವಿಧಿಯೊಳಗೆ ಹಲವು ದುಭಾಷಿಗಳನ್ನು ಒಂದಕ್ಕೊಂದು ಸೋಕದಂತೆ ಇರಿಸುವುದೂ ಸಾಧ್ಯವಾಯಿತು.

ಇದೇ ದುಭಾಷಿ ಕನ್ನಡದ ಅಂಗಳಕ್ಕೂ ಬಂದಿದೆ. ವಿಕಿಪೀಡಿಯ ಎಂಬ ವಿಶ್ವಕೋಶದ ಪುಟಗಳಲ್ಲಿ ಪಟ್ಟಿಗಳನ್ನೂ ಮಾಹಿತಿ ಚೌಕಗಳನ್ನೂ ಕಟ್ಟಲು ಮೊದಲು ಬಳಸುತ್ತಿದ್ದ ವಿಧಾನವು ತುಂಬ ನಿಧಾನವಾಗಿತ್ತು. 2013ರ ಮಾರ್ಚಿನಲ್ಲಿ ಎಲ್ಲ ಭಾಷೆಗಳ ವಿಕಿಪೀಡಿಯಗಳಲ್ಲಿಯೂ ಲುವಾ ಬಳಕೆಗೆ ಬಂದಿತು. ಅಲ್ಲಿ ದುಭಾಷಿಯನ್ನು ಹೊತ್ತಿರುವುದು ಸಿ ಭಾಷೆಯಲ್ಲಿ ಬರೆದ ಒಂದು ಭಾಗವೇ. ಬರೆಯುವವರು ಯಾರೋ ಏನೋ ತಿಳಿಯದಾದುದರಿಂದ ಕಡತಗಳನ್ನು ತೆರೆಯುವ ದಾರಿಗಳನ್ನು ಮುಚ್ಚಿದ್ದಾರೆ. ಒಂದು ಪುಟದ ಲುವಾ ಕೆಲಸಕ್ಕೆ 10 ಸೆಕೆಂಡುಗಳ ಮಿತಿಯನ್ನೂ ವಿಧಿಸಿದ್ದಾರೆ. ಕನ್ನಡ ವಿಕಿಪೀಡಿಯದಲ್ಲಿ ಈ ಬರಹಗಳು ‘ಮಾಡ್ಯೂಲ್’ ಎಂಬ ಹೆಸರಿನಿಂದ ಆರಂಭವಾಗುವ ಪುಟಗಳಲ್ಲಿವೆ. ಯಾರು ಬೇಕಾದರೂ ಅವನ್ನು ತೆರೆದು ಓದಬಹುದು.